ಕಡ್ಡಿಗೊಂದು ಮನಿ

ಆವತ್ತು ಬಿಸಿಲು ಭಾಳ ಇತ್ತು, ಅದಷ್ಟು ಖಾತ್ರಿ. ವರ್ಷ ಯಾವುದು ಅಂದರೆ ಮಾತ್ರ ನನಗೂ ಮನೆಯಾಕೆಗೂ ಇವತ್ತಿನ ತನಕ ಒಮ್ಮತ ಆಗಿಲ್ಲ. ಹಾವೇರಿಯಲ್ಲಿ 2023ರ ಜನವರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಅದರ ಬೆನ್ನಿಗೆ ಬಂದ ಮೆಣಸಿನಕಾಯಿ ಸುಗ್ಗಿ ಅಂತ ನನ್ನ ಲೆಕ್ಕ. 'ಅಲ್ಲ, ಅದಕ್ಕಿಂತ ಒಂದು ವರ್ಷ ಮೊದಲ' ಅಂತ ಆಕೆಯದು. ಈ ತಕರಾರು ಹರಿಯಲಿಕ್ಕೆ ಇದ್ದ ಸಾಕ್ಷಿ ಒಂದು ಏಲಕ್ಕಿ ಹಾರ. ಅದೂ ಈಗ ಉಳಿದಿಲ್ಲ. ಅದರ ಕತೆ ಮುಂದೆ ಬರುತ್ತದೆ.

ವರ್ಷದ ಖಾರಪುಡಿಗೆ ಬೇಕಾದ ಕಾಯಿ ತರಲು ಬ್ಯಾಡಗಿಗೆ ಹೋಗುವುದು ನಮ್ಮ ಮನೆಯ ರೂಢಿ. ಹಾವೇರಿಯಲ್ಲೂ ಸಿಗುತ್ತದೆ, ಸಿಗುವುದಿಲ್ಲ ಅಂತಲ್ಲ. ನಮ್ಮಪ್ಪ ಹೋಗುತ್ತಿದ್ದರು, ಹಾಗಾಗಿ ನಾನೂ ಹೋಗುತ್ತೇನೆ. ಸೋಮವಾರ, ಗುರುವಾರ ಅಲ್ಲಿ ಟೆಂಡರ್ ದಿನ. ಸುಗ್ಗಿಯ ಭರದಲ್ಲಿ ಒಂದೇ ದಿನಕ್ಕೆ 2 ಲಕ್ಷ ಚೀಲ ದಾಟಿ ಬಂದದ್ದುಂಟು. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಊರ ಕಡೆ ತಿರುಗಿದರೆ ಸಾಕು, ಕಣ್ಣಿಗಿಂತ ಮೊದಲು ಮೂಗಿಗೆ ಬ್ಯಾಡಗಿ ಬಂತೆಂದು ಗೊತ್ತಾಗುತ್ತದೆ. ಖಾರ ಕಮ್ಮಿ, ಬಣ್ಣ ಜಾಸ್ತಿ ಅಂತಲೇ ಆ ಕಾಯಿಗೆ ಹೆಸರು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದೂ ಅದಕ್ಕೇ. ಆದರೂ ಸಾವಿರಾರು ಚೀಲ ಒಮ್ಮೆಲೇ ಸುರುವಿದಾಗ ಏಳುವ ಘಾಟಿದೆಯಲ್ಲ, ಅದಕ್ಕೆ ಹೊಸಬರು ಸೀನಿ ಸೀನಿ ಸುಸ್ತಾಗುತ್ತಾರೆ. ಹಮಾಲರು ಮೂಗಿಗೆ ಟವೆಲ್ ಸುತ್ತಿಕೊಂಡು, ಕಣ್ಣಷ್ಟೇ ಬಿಟ್ಟುಕೊಂಡು ಓಡಾಡುತ್ತಿರುತ್ತಾರೆ.

ಆ ಕೆಂಪು ರಾಶಿಗಳ ನಡುವೆ ಒಂದು ನಾಯಿ ಸೀನುತ್ತಾ ಬಂತು. ಒಂದು ಸೀನು, ನಾಲ್ಕು ಸಲ ಬಾಲ, ಮತ್ತೊಂದು ಸೀನು. ಕಂದು ಬಣ್ಣ, ಉದ್ದ ಕಾಲು, ಒಳಗೆ ಸೆಳೆದುಕೊಂಡ ಹೊಟ್ಟೆ. ಬಂದದ್ದೇ ನನ್ನ ಎದೆಯ ಮೇಲೆ ಎರಡೂ ಮುಂಗಾಲು ಇಟ್ಟು, ಬಹಳ ವರ್ಷದ ಗುರುತಿನವರ ಹಾಗೆ ಮುಖ ನೋಡಿತು. ಬಿಳಿ ಅಂಗಿಯ ಮೇಲೆ ಮೆಣಸಿನಕಾಯಿ ಧೂಳಿನ ಎರಡು ಕೆಂಪು ಹೆಜ್ಜೆ ಮೂಡಿದವು.

'ಕಡ್ಡಿ, ಇಳೀ ಕೆಳಗ' ಅಂತ ಒಬ್ಬ ವಯಸ್ಸಾದ ಹಮಾಲರು ಗದರಿದರು. ಕಾಯಿಯಲ್ಲಿ ಎರಡು ಬಗೆ ಇವೆ. ಡಬ್ಬಿ ಅಂದರೆ ಗಿಡ್ಡ, ದುಂಡು. ಕಡ್ಡಿ ಅಂದರೆ ಉದ್ದ, ಸಪೂರ, ಮೈತುಂಬ ಸುಕ್ಕು. ನಾಯಿಗೆ ಇಟ್ಟ ಹೆಸರು ಸರಿಯಾಗಿಯೇ ಇತ್ತು. ಯಾರೋ ಸಾಕಿ, ಬೇಡಾಗಿ ಪೇಟೆಯಲ್ಲಿ ಬಿಟ್ಟುಹೋಗಿದ್ದರು. ಕೊರಳಲ್ಲಿ ಬೆಲ್ಟಿನ ಗೆರೆ ಇನ್ನೂ ಇತ್ತು, ಅಲ್ಲಿ ಕೂದಲು ಬಂದಿರಲಿಲ್ಲ. ಹಮಾಲರು ತಮ್ಮ ಬುತ್ತಿಯ ರೊಟ್ಟಿಯಲ್ಲಿ ಅದಕ್ಕೂ ಪಾಲು ಕೊಡುತ್ತಿದ್ದರು.

'ಸರ, ಇದನ್ನ ಒಯ್ಯರಿ. ಬಂದ ಲಾರಿಗೆಲ್ಲಾ ಎದುರ ಹೋಗತೈತಿ, ಮಂದಿ ಇಳೀತಾರ, ಮಾತಾಡಸೂಣು ಅಂತ. ಒಂದಿಲ್ಲ ಒಂದಿನ ಗಾಲಿಗೆ ಸಿಗತೈತಿ' ಅಂದರು ಆ ಹಿರಿಯರು. ಹತ್ತು ಕಿಲೋ ಕಾಯಿ ತರಲು ಹೋದವನು ಟಂಟಂ ಮಾಡಿಕೊಂಡು ಕಾಯಿ ಮತ್ತು ಕಡ್ಡಿ ಎರಡನ್ನೂ ತಂದೆ. ದಾರಿಯುದ್ದಕ್ಕೂ ಅದು ಚೀಲದ ಮೇಲೆ ನಿಂತು ಗಾಳಿಗೆ ಮುಖ ಕೊಟ್ಟಿತ್ತು.

ಆಗ ಹಾವೇರಿಯ ಹೊರಗೆ ಒಂದು ಹಳೆಯ ಹತ್ತಿ ಜಿನ್ನಿನ ಶೆಡ್ಡಿನಲ್ಲಿ ನಾಲ್ಕೈದು ಹುಡುಗರು ಸೇರಿ ದಿಕ್ಕಿಲ್ಲದ ನಾಯಿಗಳನ್ನು ನೋಡಿಕೊಳ್ಳುತ್ತಿದ್ದರು. ಈಗಲೂ ನೋಡಿಕೊಳ್ಳುತ್ತಾರೆ. ಬೋರ್ಡಿಲ್ಲ, ರಸೀದಿ ಪುಸ್ತಕವಿಲ್ಲ. ಒಬ್ಬನಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಇನ್ನೊಬ್ಬಳು ನರ್ಸಿಂಗ್ ಓದುತ್ತಿದ್ದ ಹುಡುಗಿ, ನನ್ನ ಕೈಯಲ್ಲಿ ಏಳನೆಯ ಇಯತ್ತೆ ಕಲಿತವಳು. ದನದ ದವಾಖಾನೆಯಿಂದ ನಿವೃತ್ತರಾದ ಡಾಕ್ಟರು ಸಂಜೆ ಸ್ಕೂಟರಿನಲ್ಲಿ ಬಂದು ನೋಡಿ ಹೋಗುತ್ತಿದ್ದರು. ಮಾತು ಕಮ್ಮಿ, ಎಲೆ ಅಡಿಕೆ ಜಾಸ್ತಿ. ಸವಣೂರು ಎಲೆ ಸಿಕ್ಕ ದಿನ ಮಾತ್ರ ಒಂದು ತಾಸು ಕೂತು ಮಾತಾಡುತ್ತಿದ್ದರು.

ಕಡ್ಡಿಯನ್ನು ನೋಡಿದವರೇ ಡಾಕ್ಟರು ಸೊಂಟದ ಮೇಲೆ ಕೈಯಾಡಿಸಿ, 'ಇದರೊಳಗ ಮುಧೋಳದ ರಕ್ತ ಐತ್ರಿ ಮಾಸ್ತರ' ಅಂದರು. ಮುಧೋಳ ನಾಯಿ ಬಾಗಲಕೋಟೆ ಜಿಲ್ಲೆಯದು, ನಮ್ಮ ಕಡೆಯ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆಯವರು ಅದರ ಚಿತ್ರದ ಚೀಟಿಯನ್ನೇ ತಂದಿದ್ದರು. ಅದು ವಾಸನೆ ಹಿಡಿದು ಹೋಗುವ ನಾಯಿಯಲ್ಲ, ಕಣ್ಣಿಂದ ಬೇಟೆ ಹುಡುಕುವ ನಾಯಿ. ದೂರದಲ್ಲಿ ಏನೋ ಅಲ್ಲಾಡಿದರೆ ಸಾಕು, ಕಾಲು ತಾನಾಗಿ ಕೀಳುತ್ತದೆ. 'ಇದರ ಮದ್ದು ನನ್ನ ಪೆಟ್ಟಿಗಿಯೊಳಗಿಲ್ಲ. ಇದಕ್ಕ ಓಟ ಬೇಕು' ಅಂದರು. ಹುಚ್ಚುನಾಯಿ ರೋಗದ ಲಸಿಕೆ ಹಾಕಿದರು, ಕೆಲವು ದಿನ ಬಿಟ್ಟು ಮರಿಯಾಗದಂತೆ ಆಪರೇಷನ್ನೂ ಮಾಡಿದರು. ಬೀದಿ ನಾಯಿಯಾದರೆ ಇವೆರಡನ್ನೂ ಮಾಡಿ, ಹಿಡಿದ ಜಾಗಕ್ಕೇ ತಿರುಗಿ ಬಿಡಬೇಕೆಂಬುದು ಕಾನೂನು. ಕಡ್ಡಿ ಬೀದಿಯದಲ್ಲ, ಮನೆ ಕಳಕೊಂಡದ್ದು. ಅದಕ್ಕೊಂದು ಮನೆ ಹುಡುಕಬೇಕಿತ್ತು.

ಶೆಡ್ಡಿನಲ್ಲಿ ಜಾಗ ಇರಲಿಲ್ಲ. 'ಸರ, ಹೊಲಿಗಿ ಬಿಚ್ಚೂತನಕಾ ನೀವ ಇಟ್ಕೊಳ್ರಿ' ಅಂದಳು ಆ ಹುಡುಗಿ. ಎಂಟು ದಿನವೋ ಹತ್ತು ದಿನವೋ, ನಮ್ಮ ಹಿತ್ತಲಲ್ಲಿತ್ತು. ಆ ದಿನಗಳಲ್ಲೇ ಏಲಕ್ಕಿ ಹಾರ ಹೋದದ್ದು. ಹಾವೇರಿಯ ಏಲಕ್ಕಿ ಹಾರ ನಿಮಗೆ ಗೊತ್ತಿರುತ್ತದೆ, ಬಣ್ಣದ ದಾರದಲ್ಲಿ ಕಾಯಿ ಪೋಣಿಸಿ, ಜರಿ ಸುತ್ತಿ ಮಾಡುತ್ತಾರೆ. ದೊಡ್ಡವರು ಯಾರೇ ಬಂದರೂ ನಮ್ಮೂರಲ್ಲಿ ಹೂವಿನ ಹಾರಕ್ಕಿಂತ ಅದೇ ಮುಂದು. ಪಡಸಾಲೆಯ ಮೊಳೆಗೆ ತೂಗುಹಾಕಿದ್ದ ನನ್ನ ಹಾರವನ್ನು ಕಡ್ಡಿ ಒಂದೇ ನೆಗೆತಕ್ಕೆ ಇಳಿಸಿತು. ನಾವು ಬಂದು ನೋಡುವಾಗ ಕಾಯಿಗಳ ನಡುವೆ ಮಲಗಿ ಬಾಲದಿಂದ ನೆಲ ಗುಡಿಸುತ್ತಿತ್ತು. ಇಡೀ ಮನೆ ಪಾಯಸ ಮಾಡಿದ ಹಾಗೆ ಘಮ್ಮೆನ್ನುತ್ತಿತ್ತು. ಆ ಹಾರ ಸಮ್ಮೇಳನದ್ದು ಅಂತ ನನ್ನ ನೆನಪು. ನಿವೃತ್ತಿಯ ದಿನ ಶಾಲೆಯವರು ಹಾಕಿದ್ದು ಅಂತ ಆಕೆಯ ನೆನಪು. ಒಡೆದ ಕಾಯಿಗಳನ್ನು ಆರಿಸಿ ಆಕೆ ಚಹಾಕ್ಕೆ ಹಾಕಿದಳು, ತಿಂಗಳೊಪ್ಪತ್ತು ಬಂತು.

ನಾಯಿ ಬೇಕು ಅಂತ ಬಂದವರಿಗೇನೂ ಕಮ್ಮಿ ಇರಲಿಲ್ಲ. ಬಂದವರೆಲ್ಲ ಕೇಳಿದ್ದು ಒಂದೇ: 'ಬೊಗಳತೈತೇನ್ರಿ?' ಕಡ್ಡಿ ಬೊಗಳುತ್ತಿರಲಿಲ್ಲ. ರಾತ್ರಿ ಹಿತ್ತಲ ಗೋಡೆಯ ಆಚೆ ಯಾರಾದರೂ ಕೆಮ್ಮಿದರೆ ಖುಷಿಯಿಂದ ಕುಂಯ್‌ಗುಡುತ್ತಿತ್ತು, ಒಳಗೆ ಕರಿಯಿರಿ ಅನ್ನುವಂತೆ. ಮನುಷ್ಯರಲ್ಲಿ ಈ ಸ್ವಭಾವ ಕಂಡರೆ ದೊಡ್ಡ ಗುಣ ಅನ್ನುತ್ತೇವೆ. ನಾಯಿಯಲ್ಲಿ ಕಂಡರೆ ಉಪಯೋಗಕ್ಕೆ ಬಾರದ್ದು ಅನ್ನುತ್ತೇವೆ. ಒಂದು ತುತ್ತು ಅನ್ನಕ್ಕೆ ನಾಯಿ ಕಾವಲಿನ ಪಗಾರ ದುಡಿಯಲೇಬೇಕೆಂಬ ಈ ಲೆಕ್ಕ ನನಗೆ ಆಗಲೂ ಸೇರಲಿಲ್ಲ, ಈಗಲೂ ಸೇರುವುದಿಲ್ಲ.

ಮೊದಲು ಒಯ್ದವರು ಹಾವೇರಿಯಲ್ಲೇ ಮಹಡಿ ಮೇಲಿನ ಬಾಡಿಗೆ ಮನೆಯವರು. ಪ್ರೀತಿಯ ಜನ, ಕೆಟ್ಟವರಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ನಾಲ್ಕನೆಯ ದಿನ ಫೋನ್ ಬಂತು. ಚಪ್ಪಲಿ ಹೋಗಿದ್ದವು, ಸೋಫಾದ ಹತ್ತಿ ಹೊರಗೆ ಬಂದಿತ್ತು, ಬಂದ ಬೀಗರ ಮೇಲೆ ಜಿಗಿದು ಅತ್ತೆಯವರ ಸೀರೆ ಹರಿದಿತ್ತು. ಆ ಹೆಣ್ಣುಮಗಳು ಕಣ್ಣಲ್ಲಿ ನೀರು ತಂದುಕೊಂಡು ತಿರುಗಿ ಕೊಟ್ಟರು. ಶೆಡ್ಡಿನ ಹುಡುಗಿ ಒಂದು ಮಾತೂ ಅನ್ನಲಿಲ್ಲ. ಅವಳ ಕರಾರೇ ಹಾಗಿತ್ತು: ಹದಿನೈದು ದಿನ ಇಟ್ಟು ನೋಡಿರಿ, ಹೊಂದಲಿಲ್ಲ ಅಂದರೆ ನಾಚಿಕೆ ಇಲ್ಲದೆ ತಂದು ಬಿಡಿರಿ, ಬೀದಿಗೆ ಮಾತ್ರ ಬಿಡಬ್ಯಾಡ್ರಿ.

ಆಮೇಲೆ ದಿನಾ ಸಂಜೆ ಅವಳು ಕಡ್ಡಿಗೆ ಒಂದೇ ಪಾಠ ಹೇಳಿಕೊಟ್ಟಳು. ಮೇಲೆ ಜಿಗಿದರೆ ಬೆನ್ನು ತಿರುಗಿಸಿ ನಿಲ್ಲುವುದು. ಬೈಯುವುದಿಲ್ಲ, ಹೊಡೆಯುವುದಿಲ್ಲ, ನೋಡುವುದೂ ಇಲ್ಲ. ನಾಲ್ಕೂ ಕಾಲು ನೆಲಕ್ಕೆ ಹತ್ತಿದ ಕೂಡಲೇ ತಿರುಗಿ, ತಲೆ ಸವರಿ, ಒಂದು ಚೂರು ರೊಟ್ಟಿ. ಮೂವತ್ತು ವರ್ಷ ಮೇಷ್ಟರಿಕೆ ಮಾಡಿದ ನಾನು ಪಕ್ಕದ ಕಲ್ಲಿನ ಮೇಲೆ ಕೂತು ನೋಡಿದೆ. ವಾರ ಕಳೆಯುವಷ್ಟರಲ್ಲಿ ಕಡ್ಡಿ ಎದುರು ಬಂದು, ಮೈಯೆಲ್ಲ ನಡುಗಿಸುತ್ತಾ, ಕಾಲು ಮಾತ್ರ ನೆಲದ ಮೇಲೆ ಹಿಡಿದು ನಿಲ್ಲುವುದನ್ನು ಕಲಿತಿತ್ತು.

ಎರಡನೆಯವರು ರಾಣೆಬೆನ್ನೂರಿನ ಕಡೆಯ ರೈತರು. ಎಂಟೆಕರೆ ಹೊಲ, ಬಾವಿ, ಬೇವಿನ ಮರ. ನನಗೆ ಕೇಳಿದ ಕೂಡಲೇ ಇದೇ ಜಾಗ ಅನಿಸಿತು. ಹುಡುಗಿಗೆ ಮಾತ್ರ ಜಾಗ ನೋಡದೆ ಕೊಡುವ ರೂಢಿ ಇಲ್ಲ. ಡಾಕ್ಟರು, ಅವಳು, ನಾನು ಮೂವರೂ ಹೋದೆವು. ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಗಡಿಗೆಯ ಮೊಸರು, ಎಂಥಾ ಊಟ ಹಾಕಿದರು! ಊಟ ಮುಗಿದ ಮೇಲೆ ಗೌಡರು ಹೊಲದ ಅಂಚಿಗೆ ಕರಕೊಂಡು ಹೋಗಿ ತೋರಿಸಿದರು. 'ಗೋವಿನಜ್ವಾಳದಾಗ ಚಿಗರಿ ಹಿಂಡ ನುಗ್ಗತಾವ್ರಿ. ಇದು ಓಡೂ ನಾಯಿ ಅಂತ ಕೇಳೀನಿ. ಅಟ್ಟಿಸಿಕೊಂಡ ಹೋದ್ರ ಸಾಕು.'

ಹುಡುಗಿಯ ಮುಖ ಇಳಿಯಿತು. ಚಿಗರಿ ಅಂದರೆ ಕೃಷ್ಣಮೃಗ. ಅವಕ್ಕಾಗಿಯೇ 1974ರಲ್ಲಿ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಆಗಿದೆ. ಅವಕ್ಕೆ ಬೇಲಿ ಗೊತ್ತಿಲ್ಲ, ಬೆಳೆ ತಿನ್ನುತ್ತವೆ. ರೈತನ ಸಂಕಟ ಸುಳ್ಳಲ್ಲ, ಮುರಿದು ಬಿದ್ದ ದಂಟುಗಳನ್ನು ನಾವೇ ಕಂಡೆವು. ಆದರೆ ಮುಧೋಳದ ಕಣ್ಣಿರುವ ನಾಯಿಯನ್ನು ಚಿಗರಿಯ ಎದುರು ಬಿಟ್ಟರೆ ಒಂದು ದಿನ ಮರಿಯೊಂದು ಸಾಯುವುದು ಗ್ಯಾರಂಟಿ. ವನ್ಯಜೀವಿ ಕಾನೂನಿನಲ್ಲಿ ಕೃಷ್ಣಮೃಗಕ್ಕಿರುವುದು ಮೊದಲ ಪಟ್ಟಿಯ ರಕ್ಷಣೆ. ಕೇಸು ಆಗುವುದು ಗೌಡರ ಮೇಲೆ. ಡಾಕ್ಟರು ಎಲೆ ಅಡಿಕೆ ಉಗುಳಿ ಬಂದು, ಎಲ್ಲವನ್ನೂ ಸಮಾಧಾನವಾಗಿ ಬಿಡಿಸಿ ಹೇಳಿದರು. ಗೌಡರು ಸಿಟ್ಟಾಗಲಿಲ್ಲ. 'ಹೌದ್ರಿ, ಅದಕ್ಕೂ ಜೀವ ಐತಿ, ಇದಕ್ಕೂ ಜೀವ ಐತಿ' ಅಂದು ಒಂದು ಚೀಲ ಸೌತೆಕಾಯಿ ಕೊಟ್ಟು ಕಳಿಸಿದರು.

ಅಲ್ಲಿಂದ ಬರುವಾಗಲೇ ಮೂರನೆಯದು ಸಿಕ್ಕಿತು. ಮಳೆ ಬಂತು ಅಂತ ರಾಣೆಬೆನ್ನೂರಿನಲ್ಲಿ ಗಿರಮಿಟ್ಟು ಮಿರ್ಚಿ ಮಾಡುವ ಗಾಡಿಯ ತಾಡಪಾಲಿನ ಕೆಳಗೆ ನಿಂತೆವು. ರೋಹಿಣಿ ಮಳೆ ಇರಬೇಕು, ಮಣ್ಣಿನ ವಾಸನೆಯ ಮೇಲೆ ಎಣ್ಣೆಯ ವಾಸನೆ. ಗಾಡಿ ನಡೆಸುತ್ತಿದ್ದ ತಾಯಿಯ ಮಗ, ಇಪ್ಪತ್ತರ ಆಸುಪಾಸಿನ ಹುಡುಗ, ಪೊಲೀಸ್ ಭರ್ತಿಗೆ ತಯಾರಿ ನಡೆಸಿದ್ದ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ದಿನಾ ಬೆಳಿಗ್ಗೆ ಐದಕ್ಕೆ ಮೈದಾನದಲ್ಲಿ ಇರುತ್ತೇನೆ, ಜೊತೆಗಾರರು ಒಬ್ಬೊಬ್ಬರೇ ಬಿಟ್ಟುಹೋದರು ಅಂದ. ಹುಡುಗಿ ಮಿರ್ಚಿ ಕೈಯಲ್ಲಿ ಹಿಡಿದವಳು ಹಿಡಿದಂತೆಯೇ ನನ್ನ ಮುಖ ನೋಡಿದಳು.

ಮುಂದಿನ ಭಾನುವಾರವೇ ಕಡ್ಡಿಯನ್ನು ಕರಕೊಂಡು ಹೋದೆವು. ಅವರ ಮನೆ ಎರಡೇ ಅಂಕಣ. ದೇವರ ಜಗುಲಿಯ ಹತ್ತಿರ ಮರದ ದೋಣಿಯೊಂದು ಕಂಡಿತು. ದೇವರಗುಡ್ಡದ ಮಾಲತೇಶನ ಒಕ್ಕಲು ಅವರು. ನವಮಿಯಲ್ಲಿ ಗುಡ್ಡಕ್ಕೆ ಹೋದವರು ನೋಡಿರುತ್ತೀರಿ, ಕರಿ ಕಂಬಳಿಯ ಗೊರವಯ್ಯಗಳು ದೋಣಿಗೆ ಹಾಲು ಬಾಳೆಹಣ್ಣು ಹಾಕಿ, ಬೊಗಳುತ್ತಾ, ಬಾಯಿ ಹಚ್ಚಿ ತಿನ್ನುತ್ತಾರೆ. ಆ ಹೊತ್ತಿಗೆ ಅವರು ದೇವರ ನಾಯಿಗಳು. ನಾನು ಸಣ್ಣವನಿದ್ದಾಗ ನಮ್ಮಜ್ಜಿಯ ಸೆರಗಿನ ಹಿಂದೆ ಅಡಗಿ ನೋಡಿದ್ದು ನೆನಪಿದೆ. ಆ ತಾಯಿ ಕಡ್ಡಿಯ ಹಣೆಗೆ ಭಂಡಾರ ಹಚ್ಚಿದರು. ಕಡ್ಡಿ ಒಂದು ಸಲ ಸೀನಿತು. ನಾಲ್ಕೂ ಕಾಲು ನೆಲದ ಮೇಲೇ ಇದ್ದವು.

ಹುಡುಗಿ ಕೇಳಲೇಬೇಕಾದ್ದನ್ನು ಕೇಳಿದಳು. 'ತಮ್ಮಾ, ನಾಳೆ ನೀ ಭರ್ತಿ ಆಗಿ ಹ್ವಾದ್ರ ಇದನ್ನ ಯಾರ ನೋಡ್ಕೋತಾರ?' ಅವನು ಉತ್ತರ ಹುಡುಕುತ್ತಿದ್ದ. ತಾಯಿ ಒಲೆಯ ಮುಂದಿನಿಂದಲೇ ಹೇಳಿದರು: 'ಯಾಕ ಯವ್ವಾ, ನಾ ಇಲ್ಲೇನ? ಮಗ ಹೋದ ಮ್ಯಾಲೆ ನನಗೂ ಯಾರರ ಬೇಕಲ್ಲ ಮನ್ಯಾಗ.'

ಲಸಿಕೆಯ ಕಾರ್ಡು, ಹೊಸ ಬೆಲ್ಟು ಕೊಟ್ಟು ಬಂದೆವು. ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವುದು ಮರೆಯಬಾರದು ಅಂತ ಡಾಕ್ಟರು ಎರಡು ಸಲ ಹೇಳಿದರು. ಹದಿನೈದು ದಿನ ಕಳೆದು ಹುಡುಗಿ ಮತ್ತೆ ಹೋಗಿ ನೋಡಿ ಬಂದಳು. ಬೆಳಿಗ್ಗೆ ಐದಕ್ಕೆ ಕಡ್ಡಿಯೇ ಅವನ ಚಾದರ ಎಳೆದು ಎಬ್ಬಿಸುತ್ತದಂತೆ. ಓಡಿ ಬಂದ ಮೇಲೆ ಮಧ್ಯಾಹ್ನದ ತನಕ ಗಾಡಿಯ ಕೆಳಗೆ ಗಪ್ಪಾಗಿ ಮಲಗುತ್ತದಂತೆ. ಚಪ್ಪಲಿ ಮುಟ್ಟಿಲ್ಲ. ಮನೆಯಾಕೆಗೆ ಇದನ್ನು ಹೇಳಿದರೆ, 'ನನ್ನ ಏಲಕ್ಕಿ ಅಷ್ಟ ಅದಕ್ಕ ಕಂಡಿದ್ದು' ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹುಡುಗ ಎರಡನೆಯ ಸಲಕ್ಕೆ ಭರ್ತಿಯಾದ. ಮೂರನೆಯ ಸಲವೋ ಏನೋ, ಸರಿಯಾಗಿ ನೆನಪಿಲ್ಲ. ತರಬೇತಿಗೆ ಹೋದ. ಕಡ್ಡಿ ಮಾತ್ರ ಐದಕ್ಕೆ ಏಳುವುದು ಬಿಡಲಿಲ್ಲ. ಈಗ ಓಣಿಯ ಬೇರೆ ಹುಡುಗರು ಬಂದು ಕರಕೊಂಡು ಹೋಗುತ್ತಾರೆ. ಏಳಕ್ಕೆ ತಿರುಗಿ ಬಂದಾಗ ಆ ತಾಯಿ ನಿನ್ನೆಯ ರೊಟ್ಟಿಯನ್ನು ಹಾಲಲ್ಲಿ ಮುರಿದು ಇಟ್ಟಿರುತ್ತಾರೆ. ಪ್ರತಿ ಸುಗ್ಗಿಗೂ ಬ್ಯಾಡಗಿಯಿಂದ ನಾನು ಅವರಿಗೂ ಎರಡು ಕಿಲೋ ಕಾಯಿ ತರುತ್ತೇನೆ. ಹಮಾಲರು ಮರೆಯದೆ ಕಡ್ಡಿಯನ್ನು ಕೇಳುತ್ತಾರೆ.

ಜಿನ್ನಿನ ಶೆಡ್ಡಿನಲ್ಲಿ ಈಗ ಒಂಬತ್ತು ನಾಯಿ ಇವೆ. ಅದರಲ್ಲಿ ಎರಡು ಕಡ್ಡಿಯಂಥವೇ, ಬೊಗಳಲು ಬಾರದವು.