ಲೆಮ್ನೋಸ್ ದ್ವೀಪದ ಮುದ್ರೆ ಮಣ್ಣು

ಗ್ರೀಸ್ ದೇಶಕ್ಕೆ ಸೇರಿದ ಲೆಮ್ನೋಸ್ ದ್ವೀಪವು ಈಜಿಯನ್ ಸಮುದ್ರದ ಉತ್ತರ ಭಾಗದಲ್ಲಿದೆ. ವಿಸ್ತೀರ್ಣ ಸುಮಾರು 476 ಚದರ ಕಿಲೋಮೀಟರು. ಇಲ್ಲಿ ಗಾಳಿ ಹೆಚ್ಚು, ಮರ ಕಡಿಮೆ. ಕುರಿ ಮೇಯುವ ಬೋಳು ಗುಡ್ಡಗಳು, ದ್ರಾಕ್ಷಿ ತೋಟಗಳು, ಗೋಧಿಯ ಹೊಲಗಳು ಪ್ರವಾಸಿಗರ ಕಣ್ಣಿಗೆ ಬೀಳುತ್ತವೆ. ಪಶ್ಚಿಮ ತೀರದ ಮಿರಿನಾ ಪಟ್ಟಣವೇ ಮುಖ್ಯ ಬಂದರು. ಅದರ ನೆತ್ತಿಯ ಮೇಲಿನ ಹಳೆಯ ಕೋಟೆಯಲ್ಲಿ ಜಿಂಕೆಗಳು ಅಡ್ಡಾಡಿಕೊಂಡಿರುತ್ತವೆ.

ಬಹಳ ಹಿಂದೆ ಇದು ಜ್ವಾಲಾಮುಖಿಗಳ ನೆಲ. ದೇವರಾಜ ಜ್ಯೂಸ್ ಸಿಟ್ಟಿನಿಂದ ಎಸೆದಾಗ ಅಗ್ನಿ ಮತ್ತು ಕಮ್ಮಾರಿಕೆಯ ದೇವತೆ ಹೆಫೈಸ್ಟಸ್ ಬಂದು ಬಿದ್ದದ್ದು ಇಲ್ಲಿಯೇ ಎಂದು ಗ್ರೀಕ್ ಪುರಾಣ ಹೇಳುತ್ತದೆ. ಆತನ ಹೆಸರಿನ ಹೆಫೈಸ್ಟಿಯಾ ನಗರದ ಅವಶೇಷಗಳು ಈಶಾನ್ಯ ತೀರದಲ್ಲಿವೆ. ಅಲ್ಲಿಂದ ಅನತಿ ದೂರದಲ್ಲಿ ಕೊಟ್ಸಿನಾಸ್ ಎಂಬ ಚಿಕ್ಕ ಮೀನುಗಾರರ ಊರು. ಒಂದು ಕಾಲಕ್ಕೆ ಯೂರೋಪಿನ ರಾಜರು ಹಣ ಸುರಿದು ತರಿಸಿಕೊಳ್ಳುತ್ತಿದ್ದ ಔಷಧ ಈ ಸೀಮೆಯ ಗುಡ್ಡದಲ್ಲಿ ಸಿಗುತ್ತಿತ್ತು. ಅದು ಬೇರಲ್ಲ, ಎಲೆಯಲ್ಲ, ಕೇವಲ ಜೇಡಿಮಣ್ಣು!

ಕ್ರಿ.ಶ. 2ನೆಯ ಶತಮಾನದ ಪ್ರಸಿದ್ಧ ವೈದ್ಯ ಗ್ಯಾಲೆನ್ ಈ ಮಣ್ಣನ್ನು ಕಣ್ಣಾರೆ ಕಾಣಲು ಹಡಗು ಹತ್ತಿದ. ಮೊದಲ ಸಲ ಹಡಗು ಮಿರಿನಾದಲ್ಲಿ ನಿಂತಿತು. ಮಣ್ಣಿದ್ದದ್ದು ಇನ್ನೊಂದು ತೀರದಲ್ಲಿ. ಹಡಗಿನವನು ಕಾಯಲು ಒಪ್ಪದ್ದರಿಂದ ಬರಿಗೈಯಲ್ಲಿ ಹೋಗಬೇಕಾಯಿತು. ಕೆಲವು ವರ್ಷಗಳ ನಂತರ ಮತ್ತೆ ಬಂದು ಹೆಫೈಸ್ಟಿಯಾ ತಲುಪಿದ. ಸುಟ್ಟಂತೆ ಕೆಂಪಗಿದ್ದ, ಹುಲ್ಲೂ ಬೆಳೆಯದ ಗುಡ್ಡದಲ್ಲಿ ಅರ್ಚಕಿಯೊಬ್ಬಳು ಗೋಧಿ ಮತ್ತು ಜವೆಗೋಧಿಯನ್ನು ನೆಲಕ್ಕೆ ಅರ್ಪಿಸಿ, ಒಂದು ಗಾಡಿ ಮಣ್ಣನ್ನು ನಗರಕ್ಕೆ ಒಯ್ದಳು. ಮಣ್ಣನ್ನು ನೀರಿನಲ್ಲಿ ಕದಡಿ, ತಂಗಲು ಬಿಟ್ಟು, ಮೇಲಿನ ನೀರನ್ನು ಚೆಲ್ಲಿ, ತಳದ ಕಲ್ಲು ಮರಳನ್ನು ಬಿಟ್ಟು, ನಡುವಿನ ಜಿಡ್ಡಾದ ಭಾಗವನ್ನಷ್ಟೇ ತೆಗೆದುಕೊಂಡಳು. ಅದು ಮೆತ್ತನೆಯ ಮೇಣದಂತಾದಾಗ ಬಿಲ್ಲೆ ಮಾಡಿ, ಆರ್ಟೆಮಿಸ್ ದೇವಿಯ ಮುದ್ರೆ ಒತ್ತಿ, ನೆರಳಿನಲ್ಲಿ ಒಣಗಿಸಿದಳು. ಇದಕ್ಕೆ ಮೇಕೆಯ ರಕ್ತ ಬೆರೆಸುತ್ತಾರೆಂದು ಗ್ಯಾಲೆನ್ ಓದಿದ್ದ. ಅದನ್ನು ಕೇಳಿದಾಗ ಊರಿನವರು ನಕ್ಕುಬಿಟ್ಟರಂತೆ. ಆತ 20,000 ಬಿಲ್ಲೆಗಳನ್ನು ಕೊಂಡೊಯ್ದ.

ಇಂದಿನ ಪ್ರಯೋಗಾಲಯಗಳಲ್ಲಿ ಮಣ್ಣನ್ನು ಶುದ್ಧಿ ಮಾಡುವ ಮೊದಲ ಹೆಜ್ಜೆಯೂ ಇದೇ: ಕದಡುವುದು, ತಂಗಿಸುವುದು, ನವುರಾದ ಕಣಗಳನ್ನಷ್ಟೇ ಉಳಿಸಿಕೊಳ್ಳುವುದು.

ಮುಂದೆ ದ್ವೀಪವು ತುರ್ಕರ ಕೈಗೆ ಬಂದಿತು. 16ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಫ್ರೆಂಚ್ ಪ್ರವಾಸಿ ಪಿಯೆರ್ ಬೆಲೋನ್, ವರ್ಷಕ್ಕೊಮ್ಮೆ ಆಗಸ್ಟ್ 6ರಂದು ಮಾತ್ರ ಪೂಜೆ ಸಲ್ಲಿಸಿ ಮಣ್ಣು ಅಗೆಯುತ್ತಿದ್ದರೆಂದು ಬರೆದಿದ್ದಾನೆ. ವಿಷಕ್ಕೆ, ಹಾವಿನ ಕಡಿತಕ್ಕೆ, ಭೇದಿಗೆ, ಪ್ಲೇಗಿಗೆ ಇದೇ ಮದ್ದು ಎಂಬ ನಂಬಿಕೆ ಬೆಳೆದಂತೆ ನಕಲಿ ಮುದ್ರೆಗಳೂ ಪೇಟೆಗೆ ಬಂದವು. ಯೂರೋಪಿನ ಬೇರೆ ಊರುಗಳ ಮಣ್ಣೂ ಮುದ್ರೆ ಹಾಕಿಸಿಕೊಂಡಿತು. 1581ರಲ್ಲಿ ಜರ್ಮನಿಯ ಹೋಹೆನ್‌ಲೋಹೆ ಸೀಮೆಯಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕಳ್ಳನೊಬ್ಬ ತಾನೇ ಮುಂದೆ ಬಂದು, ಪಾದರಸದ ಘೋರ ವಿಷವನ್ನೂ ಅದರೊಂದಿಗೆ ಸೈಲೀಸಿಯಾದ ಮುದ್ರೆ ಮಣ್ಣನ್ನೂ ಸೇವಿಸಿದ. ಬಹಳ ನರಳಿದರೂ ಬದುಕಿ, ಬಿಡುಗಡೆ ಪಡೆದ. ಒಬ್ಬನ ಮೇಲೆ ನಡೆದ ಇಂಥ ಪರೀಕ್ಷೆಯಿಂದ ಇಂದಿನ ವೈದ್ಯವಿಜ್ಞಾನ ಯಾವ ತೀರ್ಮಾನಕ್ಕೂ ಬರುವುದಿಲ್ಲ. ಆದರೆ ಮಣ್ಣು ಕೆಲವು ವಸ್ತುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಮಾತ್ರ ನಿಜ.

ಹೇಗೆ? ಜ್ವಾಲಾಮುಖಿಯ ಬೂದಿ ನೀರಿನಲ್ಲಿ ಕೊಳೆತು ಆಗುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯನ್ನು ನೋಡಬಹುದು. ಇದಕ್ಕೆ ಫ್ರಾನ್ಸಿನ ಮಾಂಟ್‌ಮೊರಿಲಾನ್ ಊರಿನಿಂದ ಈ ಹೆಸರು ಬಂತು. ಇದರ ಕಣವೆಂದರೆ ಹಾಳೆಯ ಮೇಲೆ ಹಾಳೆ ಪೇರಿಸಿದ ಪುಸ್ತಕದಂತೆ. ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಎಲ್ಲ ಹಾಳೆಗಳನ್ನೂ ಬಿಡಿಸಿ ಹಾಸಿದರೆ ಒಂದೇ ಗ್ರಾಂ ಮಣ್ಣು 700ರಿಂದ 800 ಚದರ ಮೀಟರ್, ಎಂದರೆ ಐದಾರು ಕಬಡ್ಡಿ ಅಂಕಣಗಳಷ್ಟು ಜಾಗವನ್ನು ಮುಚ್ಚೀತು! ಈ ಹಾಳೆಗಳಲ್ಲಿ ಋಣ ವಿದ್ಯುದಂಶವಿದೆ. ಅದನ್ನು ಸರಿದೂಗಿಸಲು ನಡುವೆ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಕುಳಿತಿರುತ್ತವೆ. ಧನ ವಿದ್ಯುದಂಶವುಳ್ಳ ಬೇರೊಂದು ಅಣು ಬಂದರೆ ಇವು ಎದ್ದು ಜಾಗ ಬಿಡುತ್ತವೆ.

ಬರುವ ಅಣು ವಿಷದ್ದಾದರೆ ಮಣ್ಣು ಅದನ್ನು ಸೆರೆಹಿಡಿಯುತ್ತದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಹೊಟ್ಟೆಗೆ ಹೋದಾಗ ಆಸ್ಪತ್ರೆಗಳಲ್ಲಿ ‘ಫುಲ್ಲರ್ಸ್ ಅರ್ತ್’ ಎಂಬ ಜೇಡಿಯನ್ನು ಕೊಡುವುದುಂಟು. ಆದರೆ ತಡವಾದರೆ ವಿಷ ಅಷ್ಟರಲ್ಲಿ ರಕ್ತ ಸೇರಿರುತ್ತದೆ. ಮಣ್ಣಿನ ಕೈಗೆ ಸಿಗುವುದಿಲ್ಲ.

ಬರುವ ಅಣು ಔಷಧದ್ದಾದರೆ? ಅದನ್ನು ಮೊದಲೇ ಹಾಳೆಗಳ ನಡುವೆ ತುಂಬಿ ಕೊಟ್ಟರೆ, ಜಠರ ಮತ್ತು ಕರುಳಿನ ಆಮ್ಲ, ಲವಣಗಳು ಒಂದೊಂದಾಗಿ ಅದರ ಜಾಗ ಹಿಡಿಯುತ್ತ ಔಷಧವನ್ನು ನಿಧಾನವಾಗಿ ಹೊರಗೆ ಬಿಡುತ್ತವೆ. ಮಣ್ಣು ಹೀಗೆ ಔಷಧದ ಮೂಟೆ ಹೊರುವ ಹಮಾಲಿಯಾಗುತ್ತದೆ. ಹ್ಯಾಲಾಯ್‌ಸೈಟ್ ಎಂಬ ಇನ್ನೊಂದು ಜೇಡಿಯ ಹಾಳೆಗಳು ಚಾಪೆಯಂತೆ ಸುರುಳಿ ಸುತ್ತಿಕೊಂಡು ಟೊಳ್ಳು ಕೊಳವೆಗಳಾಗಿರುತ್ತವೆ. ಒಳಗಿನ ತೂತು ಸುಮಾರು 15 ನ್ಯಾನೋಮೀಟರ್. ಕೊಳವೆಯೊಳಗಿನ ಗಾಳಿ ಹೀರಿ ತೆಗೆದು ಔಷಧದ ದ್ರಾವಣವನ್ನು ಒಳಕ್ಕೆ ಎಳೆಸುತ್ತಾರೆ. ಗಾಯಕ್ಕೆ ಕಟ್ಟುವ ಪಟ್ಟಿಗಳಲ್ಲಿ ರೋಗಾಣುನಾಶಕವನ್ನು, ಲೋಹಗಳಿಗೆ ಬಳಿಯುವ ಬಣ್ಣದಲ್ಲಿ ತುಕ್ಕುನಿರೋಧಕವನ್ನು ಹೀಗೆ ತುಂಬಿಡುವ ಸಂಶೋಧನೆ ಹಲವು ದೇಶಗಳಲ್ಲಿ ನಡೆದಿದೆ.

ಆದರೆ ಹಮಾಲಿಗೆ ಯಾವ ಮೂಟೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದು ತಿಳಿಯದು. ಭೇದಿಗೆ ಕೊಡುವ ಜೇಡಿ ಔಷಧದ ಜೊತೆಗೇ ಬೇರೆ ಮಾತ್ರೆ ನುಂಗಿದರೆ ಅದನ್ನೂ ಹಿಡಿದು ಕೆಲಸ ಕೆಡಿಸಬಹುದು. ಎರಡರ ನಡುವೆ ಕೆಲವು ಗಂಟೆಗಳ ಅಂತರವಿರಲಿ ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಇನ್ನೊಂದು ಮಾತು: ಮಣ್ಣು ನೆಲದಲ್ಲಿದ್ದಾಗಲೇ ಸೀಸದಂಥ ಲೋಹಗಳನ್ನು ತುಂಬಿಕೊಂಡಿರಬಹುದು. ಈ ಕಾರಣಕ್ಕೆ 2019ರಲ್ಲಿ ಫ್ರಾನ್ಸಿನ ಔಷಧ ನಿಯಂತ್ರಣ ಸಂಸ್ಥೆ, ಎರಡು ವರ್ಷದೊಳಗಿನ ಮಕ್ಕಳಿಗೆ ಜೇಡಿಮಣ್ಣಿನ ಭೇದಿ ಔಷಧಗಳನ್ನು ಕೊಡಬಾರದೆಂದು ಸೂಚಿಸಿತು. ಶುದ್ಧಿ ಮಾಡಿ ಪೊಟ್ಟಣದಲ್ಲಿ ಬಂದ ಮಣ್ಣಿಗೇ ಇಷ್ಟು ಎಚ್ಚರ ಬೇಕಾದರೆ, ಅಂಗಳದ ಮಣ್ಣನ್ನು ಬಾಯಿಗೆ ಹಾಕಿಕೊಳ್ಳುವ ಮಗುವಿನ ಮಾತೇನು? ಸೀಸದ ಜೊತೆಗೆ ಜಂತುಹುಳುವಿನ ಮೊಟ್ಟೆಗಳೂ ಅಲ್ಲಿರುತ್ತವೆ. ಇಂಥ ಮಕ್ಕಳಲ್ಲಿ ರಕ್ತಹೀನತೆ ಇದೆಯೇ ಎಂದು ವೈದ್ಯರಿಗೆ ತೋರಿಸುವುದು ಒಳ್ಳೆಯದು. ಮಕ್ಕಳ ಭೇದಿಗೆ ಇಂದಿಗೂ ಮೊದಲ ಮದ್ದು ಉಪ್ಪು ಸಕ್ಕರೆಯ ಓಆರ್‌ಎಸ್ ದ್ರಾವಣವೇ, ಮಣ್ಣಲ್ಲ.

ಲೆಮ್ನೋಸಿನಲ್ಲಿ ಈಗ ಮುದ್ರೆ ಮಣ್ಣಿನ ವ್ಯಾಪಾರವಿಲ್ಲ. ಹಳೆಯ ಬಿಲ್ಲೆಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಔಷಧ ವಸ್ತುಸಂಗ್ರಹಾಲಯದಂಥ ಕಡೆಗಳಲ್ಲಿ ಉಳಿದಿವೆ. ದ್ವೀಪಕ್ಕೆ ಹೋಗುವವರು ಕೊಟ್ಸಿನಾಸಿನಲ್ಲಿ ಮೆಟ್ಟಿಲಿಳಿದು ನೆಲದಡಿಯ ಪವಿತ್ರ ಚಿಲುಮೆಯನ್ನೂ, ಹೆಫೈಸ್ಟಿಯಾದ ಪುರಾತನ ರಂಗಮಂದಿರವನ್ನೂ ನೋಡಬಹುದು. ಅರ್ಚಕಿಯ ಗಾಡಿ ಸಾಗಿದ್ದು ಇದೇ ಸೀಮೆಯ ಬಯಲಿನಲ್ಲಿ. ಆಕೆ ಒತ್ತುತ್ತಿದ್ದ ಮುದ್ರೆ ಕೊಳ್ಳುವವನಿಗೆ ಕೊಟ್ಟ ಭರವಸೆಯಾಗಿತ್ತು. ಇಂದು ಆ ಭರವಸೆಯನ್ನು ಕೊಡಬೇಕಾದದ್ದು ಪ್ರಯೋಗಾಲಯದ ಪರೀಕ್ಷೆ ಮತ್ತು ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳು. ಅವನ್ನು ಓದುವ ಕೆಲಸ ಮಾತ್ರ ಕೊಳ್ಳುವವರದೇ.