ಮಗಳ ಆಕಾಶಬಾಣ

ಮಕ್ಕಳೊಂದಿಗರಾದ ಗೃಹಸ್ಥರಿಗೆ ಒಂದು ಮಾತು ಚೆನ್ನಾಗಿ ತಿಳಿದಿರುವುದಷ್ಟೆ. ಮಗುವು ಗದ್ದಲ ಮಾಡುತ್ತಿರುವಾಗ ಹೆದರಬೇಕಾದುದಿಲ್ಲ. ಸದ್ದಿಲ್ಲದೆ ಇರುವಾಗಲೇ ಎದ್ದು ಹೋಗಿ ನೋಡಬೇಕು. 2023ನೆಯ ಇಸವಿಯ ದೀಪಾವಳಿ ಕಳೆದ ಮೂರನೆಯ ದಿನ ಮಧ್ಯಾಹ್ನ ಮೈಸೂರಿನ ನಮ್ಮ ಮನೆಯಲ್ಲಿ ಅಂತಹದೊಂದು ನಿಶ್ಶಬ್ದವು ನೆಲಸಿದ್ದಿತು. ನಾವು ಹಿತ್ತಿಲಿಗೆ ಹೋಗಿ ನೋಡಲಾಗಿ, ಹತ್ತು ವರುಷದ ನಮ್ಮ ಮಗಳು ಮಹಡಿಯ ಮೆಟ್ಟಿಲ ಕೆಳಗೆ ಕುಳಿತು, ಉಳಿದ ಪಟಾಕಿಗಳನ್ನು ಬಿಡಿಸಿ, ಅವುಗಳ ಮದ್ದನ್ನು ಕಾಗದದ ಮೇಲೆ ಗುಡ್ಡೆಮಾಡಿ, ಹಳೆಯ ಟಾರ್ಚಿನ ತಗಡಿನ ಕೊಳವೆಗೆ ತುಂಬುತ್ತಿದ್ದಳು. ಆ ವರುಷ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದುದನ್ನು ಮನೆಮಂದಿಯೆಲ್ಲ ಕುಳಿತು ನೋಡಿದ್ದೆವು. ಅಂದಿನಿಂದ ಅವಳಿಗೆ ಅದೇ ಧ್ಯಾನ. "ಅಪ್ಪಾ, ರಾಕೆಟ್ಟು ಮಾಡುತ್ತಿದ್ದೇನೆ" ಎಂದು ನಿರ್ಭಯವಾಗಿ ನುಡಿದಳು.

ನಮ್ಮ ಎದೆ ಝಲ್ಲೆಂದಿತು. ಅದಕ್ಕೆ ಕಾರಣವುಂಟು. ನಮ್ಮ ಎಡಗೈಯ ತೋರುಬೆರಳಿಗೆ ತುದಿಯ ಗೆಣ್ಣಿಲ್ಲ. ಬಾಗಿಲಿನ ಸಂದಿಗೆ ಸಿಕ್ಕಿ ಹೋಯಿತೆಂದು ಮಕ್ಕಳಿಗೆ ಹೇಳಿಕೊಂಡು ಬಂದಿದ್ದೆವು. ಅದು ಸುಳ್ಳು. ಹನ್ನೊಂದನೆಯ ವಯಸ್ಸಿನಲ್ಲಿ, ನಮ್ಮ ಮಗಳು ಮಾಡುತ್ತಿದ್ದ ಕೆಲಸವನ್ನೇ ನಾವು ಕಬ್ಬಿಣದ ಕೊಳವೆಯಿಟ್ಟುಕೊಂಡು ಮಾಡಿದ್ದೆವು. ತಂದೆಯವರು ನಮ್ಮನ್ನು ಎತ್ತಿಕೊಂಡು ವೈದ್ಯರ ಬಳಿಗೆ ಓಡಿದರು; ಗದರಲಿಲ್ಲ, ಹೊಡೆಯಲಿಲ್ಲ. ಆದರೆ ಮರುದಿನ ಬೆಳಿಗ್ಗೆ, ನಾವು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದ ತಂತಿ, ಅಯಸ್ಕಾಂತ, ಭೂತಗಾಜು ಎಲ್ಲವನ್ನೂ ಒಯ್ದು ಬಾವಿಗೆ ಸುರಿದುಬಿಟ್ಟರು. ಮದ್ದನ್ನು ಸುರಿದುದು ಸರಿಯೆ. ಭೂತಗಾಜು ಮಾಡಿದ ತಪ್ಪೇನು? ಅವರ ಭಯವೆಷ್ಟೆಂಬುದು ಈಗ ನಮಗೆ ಅರ್ಥವಾಗುತ್ತದೆ. ಆದರೂ ಆ ಡಬ್ಬಿಯೊಡನೆ ನಮ್ಮ ಪ್ರಶ್ನೆಗಳೂ ಬಾವಿಯ ಪಾಲಾದುವು. ಆಮೇಲೆ ಲೋಕದಲ್ಲಿ ಯಾವುದು ಏಕೆ ಚಲಿಸುತ್ತದೆಂದು ನಾವು ಯಾರನ್ನೂ ಕೇಳಲಿಲ್ಲ.

ಅಂದು ಮೆಟ್ಟಿಲ ಕೆಳಗೆ ನಮ್ಮ ಕೈಯೂ ಬಾವಿಯನ್ನೇ ಹುಡುಕಿತೆಂದು ಒಪ್ಪಿಕೊಳ್ಳಬೇಕು. ಮದ್ದನ್ನೆಲ್ಲ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದೆವು. ಅವಳ ಕಣ್ಣು ತುಂಬಿತು. ಆಗ ಅವಳ ಪಕ್ಕದಲ್ಲಿ ಕುಳಿತು ಬೆರಳನ್ನು ತೋರಿಸಿ ನಿಜವನ್ನು ಹೇಳಿದೆವು. ಅವಳು ಬಹಳ ಹೊತ್ತು ಅದನ್ನು ಹಿಡಿದು ನೋಡಿ, "ಹಾಗಾದರೆ ಮದ್ದಿಲ್ಲದೆ ಹಾರಿಸಲಾಗದೇ?" ಎಂದು ಕೇಳಿದಳು. ಹದಿನೈದು ದಿನ ಅವಕಾಶ ಕೊಡೆಂದು ಬೇಡಿಕೊಂಡೆವು.

ಈ ಅವಧಿಯಲ್ಲಿ ಓದಿ ತಿಳಿದುದನ್ನು ಸ್ವಲ್ಪ ಹೇಳುತ್ತೇವೆ. ನಮ್ಮ ಮನೆಯ ಭಯವು ಅಮೆರಿಕಾ ದೇಶದಲ್ಲಿ ಒಂದು ಕಾಲಕ್ಕೆ ಊರೂರಿನ ಭಯವಾಗಿದ್ದಿತು. 1957ನೆಯ ಅಕ್ಟೋಬರ್ 4ರಂದು ಸೋವಿಯತ್ ದೇಶದವರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮೇಲೆ ಅಲ್ಲಿಯ ಹುಡುಗರು ಲೋಹದ ಕೊಳವೆಗಳಿಗೆ ತಾವೇ ಮದ್ದು ತುಂಬತೊಡಗಿದರು. ಗಾಯಗೊಂಡವರುಂಟು, ಪ್ರಾಣವನ್ನು ಕಳೆದುಕೊಂಡವರೂ ಉಂಟು. ಈ ಮದ್ದಿನ ರೋಗಕ್ಕೆ ಮದ್ದನ್ನು ಮೊದಲೇ ಕಂಡಿದ್ದವನು ನೆಬ್ರಾಸ್ಕಾ ಪ್ರಾಂತದ ನಾರ್ಫೋಕ್ ಊರಿನ ಪಾದರಕ್ಷೆಯ ವ್ಯಾಪಾರಿ ಆರ್ವಿಲ್ ಕಾರ್ಲೈಲ್. 1954ರಲ್ಲಿ ಅವನೂ ಅವನ ಸಹೋದರನೂ ಸೇರಿ ಕಾಗದದ ಕೊಳವೆ, ಹಗುರವಾದ ಮರ ಇವುಗಳಿಂದ ಚಿಕ್ಕ ರಾಕೆಟ್ಟೊಂದನ್ನು ನಿರ್ಮಿಸಿದರು. ಹಾರಿದ ಮೇಲೆ ಅದು ಕೊಡೆಯನ್ನು ಬಿಚ್ಚಿಕೊಂಡು ಮೆಲ್ಲನೆ ಇಳಿಯುತ್ತಿದ್ದಿತು. ರಾಕೆಟ್ಟುಗಳ ಕೆಲಸದಲ್ಲಿ ಪಳಗಿದ ಹ್ಯಾರಿ ಸ್ಟೈನ್ ಎಂಬಾತನು ಇದರ ಬೆಲೆಯನ್ನರಿತು ಪ್ರಚಾರಕ್ಕೆ ತಂದನು. ವರ್ನನ್ ಎಸ್ಟೀಸ್ ಎಂಬಾತನು 1958ರಲ್ಲಿ ಇದರ ಪುಟ್ಟ ಮೋಟಾರುಗಳನ್ನು ಒಂದೇ ಅಳತೆಯಲ್ಲಿ ತಯಾರಿಸುವ ಯಂತ್ರವನ್ನು ಕಟ್ಟಿದನು. ಮೋಟಾರನ್ನು ಯಾರೂ ಮನೆಯಲ್ಲಿ ಮಾಡತಕ್ಕದ್ದಲ್ಲ, ಒಡಲು ಲೋಹದ್ದಾಗಿರತಕ್ಕದ್ದಲ್ಲ, ದೂರದಲ್ಲಿ ನಿಂತು ವಿದ್ಯುತ್ತಿನಿಂದಲೇ ಹೊತ್ತಿಸತಕ್ಕದ್ದು. ಈ ಕಟ್ಟಳೆಗಳು ಆ ವಿನೋದಕ್ಕೆ ತಳಹದಿಯಾದುವು. ಆಸೆಯನ್ನು ಬಾವಿಗೆ ಹಾಕದೆ, ಅದಕ್ಕೆ ದಾರಿಯನ್ನು ಕಟ್ಟಿಕೊಟ್ಟುದೇ ಅವರ ಹಿರಿಮೆ.

ಆ ಮೋಟಾರುಗಳು ನಮ್ಮ ಪೇಟೆಯ ಅಂಗಡಿಗಳಲ್ಲಿ ದೊರೆಯುವ ಸರಕಲ್ಲ. ಆದುದರಿಂದ ಮೊದಲ ಪಾಠಕ್ಕೆ ನಾವು ನೀರಿನ ರಾಕೆಟ್ಟನ್ನು ಆರಿಸಿಕೊಂಡೆವು. ಇದಕ್ಕೆ ಬೇಕಾದುದು ಒಂದೂಕಾಲು ಲೀಟರಿನ ಪ್ಲಾಸ್ಟಿಕ್ಕಿನ ಸೋಡಾ ಸೀಸೆ, ಬಿಗಿಯಾದ ರಬ್ಬರಿನ ಬಿರಡೆ, ಬೈಸಿಕಲ್ಲಿನ ವಾಲ್ವು, ಉದ್ದ ಕೊಳವೆಯ ಗಾಳಿಪಂಪು, ಸ್ವಲ್ಪ ರಟ್ಟು. ಸೀಸೆಯಲ್ಲಿ ಮೂರನೆಯ ಒಂದು ಪಾಲು ನೀರು ಹಾಕಿ, ವಾಲ್ವು ತೂರಿಸಿದ ಬಿರಡೆಯನ್ನು ಜಡಿದು, ತಲೆಕೆಳಗಾಗಿ ನಿಲ್ಲಿಸಿ ಗಾಳಿ ತುಂಬಿದರೆ, ಒತ್ತಡ ಹೆಚ್ಚಿದಂತೆ ಬಿರಡೆ ಕಳಚಿಕೊಳ್ಳುವುದು. ಗಾಳಿ ನೀರನ್ನು ಕೆಳಕ್ಕೆ ನೂಕುವುದು, ನೀರು ಸೀಸೆಯನ್ನು ಮೇಲಕ್ಕೆ ನೂಕುವುದು. ಕ್ರಿಯೆಗೆ ಸಮನಾದ ಪ್ರತಿಕ್ರಿಯೆಯುಂಟೆಂದು ನ್ಯೂಟನ್ನನು 1687ರಲ್ಲಿ ಪ್ರಕಟಿಸಿದ ನಿಯಮಕ್ಕೆ ಇದಕ್ಕಿಂತ ಅಗ್ಗದ ಉದಾಹರಣೆಯಿಲ್ಲ.

ಮೊದಲ ರಾಕೆಟ್ಟನ್ನು ನಾವೇ ಮಾಡಿದೆವು. 'ನಾವೇ' ಎಂಬ ಮಾತನ್ನು ವಾಚಕರು ಗಮನಿಸಬೇಕು. ರಟ್ಟನ್ನು ಕತ್ತರಿಸಿದವರು ನಾವು, ಅಂಟಿಸಿದವರು ನಾವು, ಕತ್ತರಿಯನ್ನು ಕೇಳಿದ ಮಗಳಿಗೆ "ತಡೆ, ಕೆಡಿಸೀಯೆ" ಎಂದವರೂ ನಾವು. ಮೂವತ್ತು ವರುಷ ಬಾವಿಯಲ್ಲಿದ್ದ ಹಂಬಲವು ಮೇಲೆದ್ದು ಬಂದಿದ್ದಿತು. ಮಗುವಿನ ಸರದಿಯೆಂಬುದೇ ಮರೆತುಹೋಗಿದ್ದಿತು. ಅವಳು ಸ್ವಲ್ಪ ಹೊತ್ತು ನೋಡಿ ಒಳಕ್ಕೆ ಹೊರಟುಹೋದಳು. ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ಆ ರಾಕೆಟ್ಟು ಎರಡಾಳೆತ್ತರ ಏರಿ, ಪಲ್ಟಿ ಹೊಡೆದು, ನಮ್ಮ ಮೇಲೆಯೇ ನೀರೆರಚಿ ಪೊದೆಯಲ್ಲಿ ಬಿದ್ದಿತು. ಮನೆಯಾಕೆ ಟವಲನ್ನು ಕೈಗಿತ್ತು, "ರಾಕೆಟ್ಟು ಯಾರಿಗೆ? ಅವಳಿಗೋ, ನಿಮಗೋ?" ಎಂದಷ್ಟೇ ಕೇಳಿದರು. ಒದ್ದೆಯಾದುದಕ್ಕಿಂತ ಆ ಮಾತೇ ಹೆಚ್ಚು ನಾಟಿತು.

ಅಂದು ಸಂಜೆ ಕತ್ತರಿಯನ್ನು ಮಗಳ ಕೈಗೆ ಕೊಟ್ಟು ನಾವು ದೂರ ಕುಳಿತೆವು. ಅವಳ ಮೊದಲ ಪ್ರಶ್ನೆಯೇ ಬೇರೆಯಾಗಿದ್ದಿತು: "ದೀಪಾವಳಿಯ ರಾಕೆಟ್ಟಿಗೆ ಕಡ್ಡಿ ಏಕೆ?" ನಾವು ಮೈಸೂರಿನವರಾಗಿ ಇದಕ್ಕೆ ಉತ್ತರ ಹೇಳದಿದ್ದರೆ ನಾಚಿಕೆಗೇಡು. ಹೈದರಾಲಿ ಟೀಪೂಸುಲ್ತಾನರ ಸೈನ್ಯದ ಬಾಣಗಳು ಕಬ್ಬಿಣದ ಕೊಳವೆಯವು. ಕಾಗದ ಬಿದಿರುಗಳ ಕೊಳವೆ ತಾಳದ ಒತ್ತಡವನ್ನು ಕಬ್ಬಿಣವು ತಾಳಿದುದರಿಂದ ಅವು ಬಹು ದೂರ ಹೋಗುತ್ತಿದ್ದುವು. ಹಾರುವಾಗ ಹೊರಳದಂತೆ ಅವಕ್ಕೆ ಉದ್ದವಾದ ಬಿದಿರನ್ನು ಕಟ್ಟುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳ ಮಾದರಿಗಳು ಇಂಗ್ಲೆಂಡಿಗೆ ಹೋದುವು. ವಿಲಿಯಂ ಕಾಂಗ್ರೀವನು ತನ್ನ ರಾಕೆಟ್ಟುಗಳನ್ನು ಮಾಡಲು ಅವು ಪ್ರೇರಣೆಯಾದುವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಇಂತಹ ಬಾಣಗಳನ್ನು ಸಾವಿರಕ್ಕೂ ಮಿಕ್ಕಿ ಹೊರತೆಗೆದರು. "ಬಾವಿಗೆ ಹಾಕಿದುದೂ ಹೊರಗೆ ಬರುತ್ತದೆ!" ಎಂದು ಮಗಳು ನಕ್ಕಳು. ನಾವು ನಗಲಾರದೆ ಸುಮ್ಮನಿದ್ದೆವು.

ಕಡ್ಡಿಯ ಕೆಲಸವನ್ನು ನೀರಿನ ರಾಕೆಟ್ಟಿನಲ್ಲಿ ರಟ್ಟಿನ ರೆಕ್ಕೆಗಳು ಮಾಡುವುವು. ಇದನ್ನು ಪರೀಕ್ಷಿಸುವ ಸುಲಭೋಪಾಯವೊಂದುಂಟು. ಖಾಲಿ ರಾಕೆಟ್ಟು ಯಾವೆಡೆಯಲ್ಲಿ ಸಮತೂಗುವುದೋ ಅಲ್ಲಿಗೆ ದಾರ ಕಟ್ಟಿ ತಲೆಯ ಸುತ್ತ ಬೀಸಬೇಕು. ಮೂತಿಯೇ ಮುಂದಾಗಿ ಸುತ್ತಿದರೆ ನೆಟ್ಟಗೆ ಹಾರುವುದು. ಹೊರಳಾಡಿದರೆ ಮೂತಿಗೆ ತುಸು ತೂಕವನ್ನು ಸೇರಿಸಬೇಕು, ಇಲ್ಲವೆ ರೆಕ್ಕೆಗಳನ್ನು ಹಿರಿದು ಮಾಡಬೇಕು. ನಮ್ಮ ರಾಕೆಟ್ಟು ಅಡ್ಡಡ್ಡಲಾಗಿ ಹೊರಳಿತು. ಅವಳದು, ಮೂತಿಗೆ ನಿಂಬೆಯಷ್ಟು ಜೇಡಿಮಣ್ಣನ್ನು ಮೆತ್ತಿದ ಮೇಲೆ, ಮೀನಿನಂತೆ ಮುಂದೆ ನುಗ್ಗಿತು.

ಮುಂದಿನ ಭಾನುವಾರ ವಿದ್ಯುತ್ತಿನ ತಂತಿಗಳಿಲ್ಲದ ಬಯಲಿಗೆ ಹೋದೆವು. ಮೂರು ಬಗೆಯ ಪರೀಕ್ಷೆಯನ್ನು ಅವಳೇ ಗೊತ್ತುಮಾಡಿದ್ದಳು. ನೀರಿಲ್ಲದೆ ಬರಿಯ ಗಾಳಿ ತುಂಬಿದಾಗ ಸೀಸೆಯು 'ಟಪ್' ಎಂದು ತುಸುವೇ ನೆಗೆಯಿತು, ನೂಕಲು ಭಾರವಿಲ್ಲ. ಮುಕ್ಕಾಲು ನೀರಾದಾಗ ಭಾರಕ್ಕೆ ಏದುಸಿರು ಬಿಟ್ಟಿತು, ನೂಕುವ ಗಾಳಿಗೆ ಸ್ಥಳವಿಲ್ಲ. ಮೂರನೆಯ ಒಂದು ಪಾಲಿಗೆ, ಪಂಪಿನ ಮುಳ್ಳು ಚದರಂಗುಲಕ್ಕೆ 35 ಪೌಂಡು ತೋರಿಸುವಾಗ, ಬಿಳಿಯ ನೀರಿನ ಬಾಲವನ್ನು ಬಿಟ್ಟುಕೊಂಡು ಬಾನಿಗೇರಿತು. ಇಪ್ಪತ್ತು ಮೀಟರು ದೂರದಲ್ಲಿ ನಿಂತಿದ್ದ ಮನೆಯಾಕೆ ಕೋನಮಾಪಕಕ್ಕೆ ದಾರ ಕಲ್ಲು ಕಟ್ಟಿದ ಸಾಧನದಿಂದ ನೋಡಿ 40 ಅಂಶವೆಂದು ಕೂಗಿದರು. 45 ಆಗಿದ್ದರೆ ಕಣ್ಣಿನ ಮಟ್ಟದಿಂದ ದೂರವೆಷ್ಟೋ ಎತ್ತರವೂ ಅಷ್ಟೆ. ಲೆಕ್ಕ ಹಾಕಲು ಸುಮಾರು 18 ಮೀಟರು, ಒಂದು ಒಳ್ಳೆಯ ತೆಂಗಿನ ಮರದೆತ್ತರ!

ಈ ಕೆಲಸಕ್ಕೆ ಕೈಹಾಕುವ ಗೃಹಸ್ಥರಿಗೆ ಕೆಲವು ಮಾತು. ಗಾಜಿನ ಸೀಸೆಯನ್ನಾಗಲಿ ಲೋಹದ್ದನ್ನಾಗಲಿ ಎಂದಿಗೂ ಬಳಸಬೇಡಿರಿ. ಗೀರುಬಿದ್ದ, ನೆಗ್ಗಿದ ಸೀಸೆಯನ್ನು ಎಸೆಯಿರಿ. ಐದು ಮೀಟರು ದೂರದಿಂದ ಗಾಳಿ ತುಂಬಿರಿ, ಕಣ್ಣಿಗೆ ಕನ್ನಡಕವಿರಲಿ, ಬಿರಡೆ ಕಳಚದಿದ್ದರೂ ಸೀಸೆಯ ಮೇಲೆ ಬಗ್ಗಿ ನೋಡಬೇಡಿರಿ. ಇದೆಲ್ಲವನ್ನೂ ಮಗಳು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಅದರ ಮೊದಲ ಕಟ್ಟಳೆಯೆಂದರೆ, "ಅಪ್ಪನ ಬೆರಳನ್ನು ನೆನೆಯತಕ್ಕದ್ದು." ಎರಡನೆಯದು, "ಕತ್ತರಿಯನ್ನು ಅಪ್ಪನಿಗೆ ಕೊಡತಕ್ಕದ್ದಲ್ಲ."

ಎರಡನ್ನೂ ನಾವು ಶಿರಸಾವಹಿಸಿದ್ದೇವೆ. ಮೊನ್ನೆ ಪೇಟೆಗೆ ಹೋಗಿದ್ದಾಗ ಅವಳಿಗೆಂದು ಒಂದು ಡಬ್ಬಿಯನ್ನೂ, ಅದರೊಳಗಿಡಲು ಒಂದು ಭೂತಗಾಜನ್ನೂ ಕೊಂಡು ತಂದೆವು.