ತೋಡಿಯ ಗಾಂಧಾರಕ್ಕೆ ಕೆಂಪು ದೀಪ

ಶನಿವಾರ ಬೆಳಿಗ್ಗೆ, ಮಲ್ಲೇಶ್ವರದ ಒಂದು ಮನೆಯ ಹಜಾರ. ಜಮಖಾನದ ಮೇಲೆ ನಿಮಗೂ ಒಂದಿಷ್ಟು ಜಾಗ ಸಿಕ್ಕಿದೆ. ಎದುರಿಗೆ ಮೂವರು ಮಕ್ಕಳು, ಪಕ್ಕದಲ್ಲಿ ಸಂಗೀತದ ಟೀಚರ್. ಗೋಡೆಗೊರಗಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಿರುವವಳು ಅವರ ಹಳೆಯ ಶಿಷ್ಯೆ. ಜೂನಿಯರ್ ಪರೀಕ್ಷೆಗೆ ಕೂರುವ ಮಕ್ಕಳು ಶಾಸ್ತ್ರವನ್ನು ಉರು ಹೊಡೆಯುವ ಬದಲು ಹಾಡಿಕೊಂಡು, ತಾಳ ಹಾಕಿಕೊಂಡು ಕಲಿಯಲಿ ಎಂದು ಅವಳೊಂದು ಆ್ಯಪ್ ಕಟ್ಟುತ್ತಿದ್ದಾಳೆ.

ಫೋನು ನಡುವೆ ಕೂತಿದೆ. ಐದು ಮನೆ ಶ್ರುತಿಯ ತಂಬೂರಿ ಅದರಿಂದಲೇ ನುಡಿಯುತ್ತಿದೆ. ಮೊದಲ ಪಾಠ, ಷಡ್ಜ ಹಿಡಿಯುವುದು. ಹುಡುಗ ಬಾಯಿ ತೆರೆಯುವ ಮೊದಲೇ ಪರದೆ ಹಸಿರಾಗಿ ‘ಭೇಷ್’ ಅನ್ನುತ್ತದೆ. ಮಕ್ಕಳು ಕಿಸಕ್ಕನೆ ನಗುತ್ತಾರೆ. ಫೋನು ತನ್ನ ತಂಬೂರಿಯನ್ನು ತನ್ನದೇ ಮೈಕಿನಲ್ಲಿ ಕೇಳಿಸಿಕೊಂಡು ತನಗೇ ಅಂಕ ಕೊಟ್ಟುಕೊಂಡಿದೆ! ಅವಳು ಚೀಲದಿಂದ ಇಯರ್‌ಫೋನ್ ತೆಗೆದು ಸಿಕ್ಕಿಸುತ್ತಾಳೆ.

ಈಗ ಪುಟ್ಟ ಹುಡುಗಿಯೊಬ್ಬಳು ಸ ಹಿಡಿಯುತ್ತಾಳೆ. ಪರದೆಯ ಮೇಲೆ 196 ಹರ್ಟ್ಸ್. ಮೈಕು ಸೆಕೆಂಡಿಗೆ 44,100 ಸಲ ದನಿಯನ್ನು ಅಳೆಯುತ್ತಿದೆ. ಪ್ರೋಗ್ರಾಂ ಅದರಲ್ಲಿ 2,048 ಅಳತೆಗಳ ತುಣುಕು ತೆಗೆದುಕೊಂಡು, ಅಲೆ ಎಷ್ಟು ಹೊತ್ತಿಗೆ ಮತ್ತೆ ತನ್ನಂತೆಯೇ ಆಗುತ್ತದೆಂದು ಹುಡುಕುತ್ತದೆ. 2002ರಲ್ಲಿ ಪ್ರಕಟವಾದ ‘ಯಿನ್’ ಎಂಬ ವಿಧಾನ ಇದು. ಮಾಯಾಮಾಳವಗೌಳದ ಸರಳೆ ಸಾಗುತ್ತದೆ. ಗಾಂಧಾರ ಬಂದಾಗಲೆಲ್ಲ ಮುಳ್ಳು ಕೊಂಚ ಕೆಳಗಿಳಿಯುತ್ತದೆ.

‘ಅವಳು ಸರಿಯಾಗೇ ಹಾಡ್ತಿದ್ದಾಳೆ ಕಣೇ,’ ಅನ್ನುತ್ತಾರೆ ಟೀಚರ್.

ಸರಿಯೇ. ಆ್ಯಪ್ ಕಾಯುತ್ತಿದ್ದದ್ದು ಕೀಬೋರ್ಡಿನ ಗಾಂಧಾರಕ್ಕೆ; ಸ್ವರಗಳ ಅಂತರ ಅಳೆಯುವ ಲೆಕ್ಕದಲ್ಲಿ ಷಡ್ಜದಿಂದ 400 ಸೆಂಟ್ ದೂರ. ತಂಬೂರಿಯ ತಂತಿಯಲ್ಲಿ ತಾನಾಗಿ ಏಳುವ ಅಂತರ ಗಾಂಧಾರ ಇರುವುದು ಸುಮಾರು 386ರಲ್ಲಿ. ಕಿವಿ ತಂಬೂರಿಯನ್ನು ನಂಬಿದೆ. ಶಿಷ್ಯೆ ಲೆಕ್ಕ ತಿದ್ದುತ್ತಾಳೆ.

ಮುಂದಿನದು ಮೇಳಕರ್ತ ಚಕ್ರ. ಬೆರಳಿನಿಂದ ತಿರುಗಿಸಿದರೆ 12 ಚಕ್ರ, 72 ರಾಗ, ಮುಟ್ಟಿದ್ದು ನುಡಿಯುತ್ತದೆ. ಹೆಸರಿನ ಮೊದಲೆರಡು ಅಕ್ಷರ ಕೊಟ್ಟರೆ ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಸೂತ್ರದಂತೆ ಮೇಳದ ಸಂಖ್ಯೆ ಬರಬೇಕು. ಮಾ 5, ಯಾ 1. ತಿರುಗಿಸಿದರೆ 15, ಮಾಯಾಮಾಳವಗೌಳ. ಒತ್ತಕ್ಷರ ಬಂದರೆ ಕೊನೆಯ ವ್ಯಂಜನ ಎಣಿಸು ಎಂದು ಅವಳು ಬರೆದಿದ್ದಾಳೆ. ರತ್ನಾಂಗಿಗೆ ಅದು ಒಪ್ಪುತ್ತದೆ: ರ 2, ನ ಸೊನ್ನೆ, ಎರಡನೇ ಮೇಳ. ಹುಡುಗ ಚಕ್ರವಾಕ ಒತ್ತುತ್ತಾನೆ. ಚ 6, ರ 2. ಆ್ಯಪ್ 26 ಅನ್ನುತ್ತದೆ.

‘ಅದು ಚಾರುಕೇಶಿ ಅಲ್ವಾ ಆಂಟಿ?’

ಹೌದು. ಚಕ್ರವಾಕ 16, ಅಲ್ಲಿ ರಕಾರ ಬಿಟ್ಟು ಕಕಾರವನ್ನು ಎಣಿಸಬೇಕು. ಸಿಂಹೇಂದ್ರಮಧ್ಯಮವಂತೂ 72ನ್ನೂ ದಾಟಿ 87ಕ್ಕೆ ಹೋಗುತ್ತದೆ. ನಿಯಮವನ್ನು ಪಾಠಕ್ಕೆ ಬಿಟ್ಟು, 72 ಹೆಸರುಗಳ ಪಟ್ಟಿಯನ್ನು ಕೈಯಾರೆ ತುಂಬುವುದೇ ಮೇಲೆಂದು ಅವಳು ತೀರ್ಮಾನಿಸುತ್ತಾಳೆ.

ಆದಿತಾಳದ ಪಾಠದಲ್ಲಿ ಪರದೆ ತಟ್ಟಿದ್ದಕ್ಕೂ ಸದ್ದು ಬರುವುದಕ್ಕೂ ನಡುವೆ ಚೂರು ತಡ. ಸೆಕೆಂಡಿಗೊಂದು ಅಕ್ಷರದಂತೆ ಹೋದರೂ ಮೂರನೇ ಕಾಲದಲ್ಲಿ ಒಂದೊಂದು ಸ್ವರಕ್ಕೆ ಸಿಗುವುದು ಕಾಲು ಸೆಕೆಂಡು ಮಾತ್ರ. ಅಷ್ಟು ತಡವಾದರೂ ಲಯ ಕೆಡುತ್ತದೆ. ಆಯಾ ಫೋನಿನ ತಡವನ್ನು ಮೊದಲೇ ಅಳೆದು ಕಳೆಯುವ ಒಂದು ಹೆಜ್ಜೆ ಸೇರುತ್ತದೆ.

ಕೊನೆಗೆ ಟೀಚರ್ ಇಯರ್‌ಫೋನ್ ಕಿವಿಗಿಟ್ಟುಕೊಳ್ಳುತ್ತಾರೆ. ‘ಎಲ್ಲಿ, ನಾನು ನೋಡ್ತೀನಿ.’ ತೋಡಿ. ಎಂಟನೇ ಮೇಳ. ಗಾಂಧಾರದ ಮೇಲೆ ನಿಂತು ತೂಗುತ್ತಾರೆ. ದನಿ ರಿಷಭದ ಕಡೆಗೆ ಇಳಿದು ಮಧ್ಯಮದ ಕಡೆಗೆ ಏರುತ್ತದೆ. ನಿಮ್ಮ ಕಣ್ಣೆದುರೇ ಪರದೆ ಕೆಂಪು, ಕೆಂಪು, ಕೆಂಪು. ಸೊನ್ನೆ ಅಂಕ. ಮಕ್ಕಳು ಉಸಿರು ಬಿಗಿಹಿಡಿದು ಟೀಚರ ಮುಖ ನೋಡುತ್ತಾರೆ.

ಟೀಚರಿಗೆ ಕೋಪವಿಲ್ಲ. ‘ನಿನ್ನ ಫೋನು ಗಾಂಧಾರ ಒಂದೇ ಕಡೆ ನಿಂತಿರತ್ತೆ ಅಂದ್ಕೊಂಡಿದೆ. ತೋಡೀಲಿ ಅದು ನಿಂತರೆ ತೋಡಿ ಎಲ್ಲಿ ಉಳೀತು?’

ಶಿಷ್ಯೆ ಆ ಕೆಂಪು-ಹಸಿರು ದೀಪಗಳ ಸಾಲನ್ನೇ ಅಳಿಸುತ್ತಾಳೆ. ಅದರ ಜಾಗದಲ್ಲಿ ಒಂದು ಗೆರೆ. ಟೀಚರ್ ಮತ್ತೆ ಹಾಡಿದಾಗ ಗೆರೆ ಏರಿ ಇಳಿದು ಬಳುಕುತ್ತದೆ. ಹುಡುಗಿ ಅದೇ ಸ್ವರ ಹಾಡುತ್ತಾಳೆ. ಅವಳ ಗೆರೆ ಅಡಿಯಲ್ಲಿ ಮೂಡುತ್ತದೆ, ಹೆಚ್ಚುಕಡಿಮೆ ನೆಟ್ಟಗೆ. ‘ನಂದು ಅಲ್ಲಾಡ್ತಾನೇ ಇಲ್ಲ,’ ಎಂದು ತಾನೇ ಕಂಡುಕೊಂಡು ಮತ್ತೆ ಹಾಡುತ್ತಾಳೆ. ಅಂಕವಿಲ್ಲ, ಹಸಿರಿಲ್ಲ, ಕೆಂಪಿಲ್ಲ.

ಕರ್ನಾಟಕ ಸಂಗೀತದ ಆ್ಯಪ್ ಕಟ್ಟಹೊರಟವರು ಇಷ್ಟನ್ನು ನೆನಪಿಡಲಿ: ತಾಳ, ಮೇಳ, ನಿಂತ ಸ್ವರದ ಸ್ಥಾನ ಇವಕ್ಕೆ ಯಂತ್ರ ಧಾರಾಳವಾಗಿ ಅಂಕ ಕೊಡಲಿ. ಸ್ವರದ ಈ ತೂಗಾಟವನ್ನು, ಗಮಕವನ್ನು, ಅದು ಬರೆದು ತೋರಿಸಿದರೆ ಸಾಕು. ಸರಿತಪ್ಪು ಹೇಳುವ ಕೆಲಸ ಗುರುವಿನ ಕಿವಿಗೇ ಇರಲಿ.